ಬಟ್ಟೆಯ ಕೆಳಗಿನ ತೋಳ

ಚಹಾದ ಲೋಟವನ್ನು ಎತ್ತಿದಷ್ಟೇ ಬೇಗ ಚಿಕ್ಕಮ್ಮ ಕೆಳಗಿಟ್ಟಳು. ಸ್ಟೀಲಿನ ಲೋಟ, ಕುದಿಕುದಿ ಚಹಾ. ಬೆರಳು ಚುರ್ ಅಂದಿತು. ಸೆರಗಿನ ತುದಿಯಲ್ಲಿ ಹಿಡಿದುಕೊಳ್ಳೋಣವೆಂದು ತಲೆಯೆತ್ತಿದರೆ, ಎದುರು ಕೂತ ಪ್ರೊಫೆಸರ್ ಮೇಡಂ ಅಂಥದೇ ಲೋಟವನ್ನು ಅಂಗೈಯಲ್ಲಿ ಪೂರ್ತಿ ಸುತ್ತಿ ಹಿಡಿದು ನಿಧಾನವಾಗಿ ಮಾತಾಡುತ್ತಿದ್ದರು.

“ನಾನು ಹೇಳೋದು ಇಷ್ಟೇ. ಆ ಭಾನುವಾರ ಬಟ್ಟೆಯ ಕೆಳಗೆ ನನ್ನ ಕೈಗೆ ಬಂದದ್ದು ಅಸಲಿ ಪದಕ. ತೋಳದ ತಲೆ ಮೇಲೆ ಟೋಪಿ ಇತ್ತು. ಕಿರೀಟ ಇರಲಿಲ್ಲ. ಯಾವ ಪೊಲೀಸರ ಮುಂದೆ ಬೇಕಾದ್ರೂ ಹೇಳ್ತೀನಿ.”

ಈ ಒಂದು ಮಾತಿಗಾಗಿಯೇ ಚಿಕ್ಕಮ್ಮ ಕೆಟ್ಟ ಲಿಫ್ಟನ್ನು ಬೈದುಕೊಳ್ಳುತ್ತ ಮೆಟ್ಟಿಲು ಹತ್ತಿ ಬಂದಿದ್ದಳು. ಇದು ಕಾಗದದ ಮೇಲೆ ಬಂದರೆ ಅಕ್ಕನ ಮಗಳು ಬಚಾವು. ಬರದಿದ್ದರೆ ಸಂಜೆಯೊಳಗೆ ಅವಳ ಮೇಲೆ ಕೇಸು. ಬ್ಯಾಂಕಿನಲ್ಲಿ ಹಣ ಎಣಿಸಿ ಕೊಡುವ ಕಿಟಕಿಯ ಹಿಂದೆ ಕೂರುವವಳಿಗೆ ಕಳ್ಳಿ ಎಂಬ ಹೆಸರು ಬಂದರೆ ಮುಂದೇನು ಅಂತ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಸಿಕ್ಕಿತಲ್ಲ ಮಾತು, ಇನ್ನು ಎದ್ದು ಹೋಗಬಹುದಿತ್ತು. ಆದರೆ ಚಿಕ್ಕಮ್ಮನ ಕಣ್ಣು ಆ ಲೋಟದ ಮೇಲಿಂದ ಏಳಲಿಲ್ಲ.

ಮೇಡಂ ಅವರ ಹೆಬ್ಬೆರಳ ಮೇಲೊಂದು ಗುಳ್ಳೆ ಒಡೆದು ಒಣಗಿತ್ತು. ಪಕ್ಕದ ಬೆರಳಲ್ಲಿ ಹೊಸದೊಂದು ನೀರು ತುಂಬಿ ಹೊಳೆಯುತ್ತಿತ್ತು.

“ಬಿಸ್ಕತ್ತು ತರ್ತೀನಿ ಇರಿ,” ಎಂದು ಮೇಡಂ ಒಳಗೆ ಹೋದರು.

ಚಿಕ್ಕಮ್ಮನಿಗೆ ಕೂತಲ್ಲಿ ಕೂರಲಾಗಲಿಲ್ಲ. ಎದ್ದಳು. ಕಿಟಕಿಯವರೆಗೆ ಹೋದಳು. ಕೆಳಗೆ ಬೀದಿಯಲ್ಲಿ ಯಾರೋ ಸ್ಟಾರ್ಟ್ ಆಗದ ಸ್ಕೂಟರನ್ನು ಒದೆಯುತ್ತಲೇ ಇದ್ದರು. ಮೇಲಿನ ಮನೆಯಲ್ಲಿ ಹೊಲಿಗೆ ಯಂತ್ರ ಗರಗರ ಓಡಿ ನಿಲ್ಲುತ್ತಿತ್ತು, ಮತ್ತೆ ಓಡುತ್ತಿತ್ತು. ಬಾಗಿಲ ಬಳಿಯ ಚಪ್ಪಲಿ ಗೂಡಿನ ಹತ್ತಿರ ಅವಳ ಕಾಲು ತಾನಾಗಿ ನಿಂತಿತು.

ವಿಮಾ ಕಂಪನಿಯಲ್ಲಿ ಸುಳ್ಳು ಕ್ಲೇಮು ಹಿಡಿಯುವ ಕೆಲಸ ಮಾಡಿ ಬಿಟ್ಟವಳು ಅವಳು. ಸುಟ್ಟ ಅಂಗಡಿ, ಮುರಿದ ಕಾಲು, ಸತ್ತೂ ಸಾಯದ ಗಂಡಂದಿರು, ಎಲ್ಲವನ್ನೂ ನೋಡಿ ಮುಗಿಸಿದ್ದಳು. ಕೆಲಸ ಬಿಟ್ಟರೂ ಅನುಮಾನ ಅವಳನ್ನು ಬಿಡಲಿಲ್ಲ. ಅಕ್ಕನ ಮಗಳು ಕರೆಯುವ ಹೆಸರನ್ನೇ ಈಗ ಊರೆಲ್ಲ ಕರೆಯುತ್ತಿತ್ತು. ಅವಳಿಗಿಂತ ದೊಡ್ಡವನಾದ ಇನ್‌ಸ್ಪೆಕ್ಟರ್ ಕೂಡ ನಾಚಿಕೆಯಿಲ್ಲದೆ ‘ಚಿಕ್ಕಮ್ಮ’ ಅನ್ನುತ್ತಿದ್ದ.

ಬೇಡ, ಎಂದಿತು ಮನಸ್ಸು. ಸಿಕ್ಕಿದ್ದನ್ನು ತೆಗೆದುಕೊಂಡು ಹೊರಡು. ಹುಡುಗಿ ಉಳಿಯುತ್ತಾಳೆ.

ಕೈ ಮಾತ್ರ ಗೂಡಿನಿಂದ ಏನನ್ನೋ ಎತ್ತಿಕೊಂಡು ಶಾಲಿನ ಮಡಿಕೆಯೊಳಗೆ ಸೇರಿಸಿತು.

ಕಳುವಾಗಿದ್ದು ಹಳೆಯ ಯುದ್ಧಕಾಲದ ಒಂದು ಅಣಕದ ಪದಕ. ಶೂರರ ಎದೆಗೆ ಚುಚ್ಚುವ ಪದಕವಲ್ಲ, ಲೇವಡಿ ಮಾಡಲಿಕ್ಕೆಂದೇ ಕಬ್ಬಿಣದಲ್ಲಿ ಎರಕ ಹೊಯ್ದದ್ದು. ಊಟದ ಮೇಜು. ಯಜಮಾನನ ಜಾಗದಲ್ಲಿ ಕಿರೀಟ ಇಟ್ಟುಕೊಂಡ ತೋಳ. ಸುತ್ತ ಕುರಿಗಳು, ಅವುಗಳ ಮುಂದೆ ಖಾಲಿ ತಟ್ಟೆ. ಇಡೀ ರೊಟ್ಟಿ ತೋಳದ ಮುಂದೆ. ‘ನೋಡಿ, ಶತ್ರು ದೇಶದಲ್ಲಿ ದೊರೆ ತಿಂತಾನೆ, ಜನ ಉಪವಾಸ’ ಎಂದು ನಗಲಿಕ್ಕೆ ಸಾವಿರಾರು ಜನ ಅದನ್ನು ಕೊಂಡಿದ್ದರು.

ಆದರೆ ಎರಕದವನ ಸ್ವಂತ ಊರಿನಲ್ಲೂ ಆಗ ರೊಟ್ಟಿಗೆ ಸಾಲು ನಿಲ್ಲಬೇಕಾಗಿತ್ತು. ಅವನು ಗುಟ್ಟಾಗಿ ಅದೇ ಅಚ್ಚಿನಲ್ಲಿ ಕಿರೀಟವನ್ನಷ್ಟೇ ತೆಗೆದು, ತನ್ನದೇ ದೇಶದ ಆಹಾರ ಮಂತ್ರಿಯ ಚಪ್ಪಟೆ ಟೋಪಿ ಇಟ್ಟ. ಕೆಲವೇ ಕೆಲವನ್ನು ಹೊಯ್ದು ಗೆಳೆಯರಿಗೆ ಹಂಚಿದ. ಸುದ್ದಿ ಹೊರಬಿತ್ತು. ಅವನು ಜೈಲಿಗೆ ಹೋದ, ಪದಕಗಳು ಕುಲುಮೆಗೆ ಹೋದವು. ತಪ್ಪಿಸಿಕೊಂಡು ಉಳಿದದ್ದೊಂದು, ಈಗ ಕಳುವಾದದ್ದು, ಬೀಗರ ಕಪಾಟಿನಲ್ಲಿತ್ತು.

ಬೀಗರು ಅಂದರೆ ಅಕ್ಕನ ಮಗಳ ಮಾವ. ಪತ್ರಿಕೆಗೆ ವ್ಯಂಗ್ಯಚಿತ್ರ ಬರೆದು ನಿವೃತ್ತರಾದವರು. ಜಗತ್ತನ್ನೆಲ್ಲ ಗೇಲಿ ಮಾಡಿದ ಮನುಷ್ಯ, ಮನೆಯಲ್ಲಿ ಯಾರಾದರೂ ಜೋರಾಗಿ ನಕ್ಕರೆ ಕನ್ನಡಕದ ಮೇಲಿಂದ ನೋಡುತ್ತಿದ್ದರು. ಮಗನೂ ಅವರ ಮುಂದೆ ಬಾಯಿ ಬಿಡುತ್ತಿರಲಿಲ್ಲ.

ಆ ಕತೆ ಕೇಳಿದಾಗಿನಿಂದ ಚಿಕ್ಕಮ್ಮನ ತಲೆಯೊಳಗೆ ಆ ಟೋಪಿ ಕೂತುಬಿಟ್ಟಿತ್ತು. ಹೊರಗಿನವರನ್ನು ನೋಡಿ ನಕ್ಕರೆ ದೇಶಭಕ್ತಿ. ಒಳಗಿನವರನ್ನು ನೋಡಿ ನಕ್ಕರೆ ದ್ರೋಹ. ತೋಳ ಅದೇ, ರೊಟ್ಟಿ ಅದೇ, ಕುರಿಗಳೂ ಅವೇ. ಇದನ್ನು ತಿಳಿಯಲಿಕ್ಕೆ ಯುದ್ಧವೇ ಆಗಬೇಕೇ? ತವರನ್ನು ಆಡಿಕೊಂಡರೆ ಮಾತು ಬಲ್ಲವಳು, ಗಂಡನ ಮನೆಯನ್ನು ಆಡಿಕೊಂಡರೆ ಮನೆಹಾಳಿ. ತಾನೂ ಒಂದು ಕಾಲದಲ್ಲಿ ಅಂಥದೇ ಮೇಜಿನ ಸುತ್ತ ತಲೆ ತಗ್ಗಿಸಿ ಕೂತವಳೇ.

ಮೇಡಂ ಬಿಸ್ಕತ್ತಿನ ತಟ್ಟೆ ತಂದಿಟ್ಟರು.

“ಮೇಡಂ, ಒಂದು ಸಲ ನಿಮ್ಮ ಆಟ ತೋರಿಸ್ತೀರಾ?”

“ಯಾವ ಆಟ?”

“ಮುಸುಕಿನ ಓದು. ಒಂದು ಪದಕ ತಂದಿದ್ದೀನಿ. ಯಾವುದು ಅಂತ ಹೇಳಲ್ಲ. ಇನ್‌ಸ್ಪೆಕ್ಟರ್ ಬಂದು ಕೇಳಿದ್ರೆ, ಇವರ ಬೆರಳು ಸುಳ್ಳು ಹೇಳಲ್ಲ ಅಂತ ನಾನೂ ಸಾಕ್ಷಿ ಹೇಳಬಹುದಲ್ಲ.”

ಮುಸುಕಿನ ಓದು, ಬೀಗರ ಮನೆಯಲ್ಲಿ ಸೇರುವ ಪದಕದ ಹುಚ್ಚಿನವರ ಗುಂಪಿನ ಭಾನುವಾರದ ಪದ್ಧತಿ. ಕಬ್ಬಿಣಕ್ಕೆ ಬೆವರು ತಾಗಬಾರದೆಂದು ಎಲ್ಲರೂ ಕೈ ತೊಳೆದು ಒರೆಸಿಕೊಂಡು ಮೇಜಿಗೆ ಕೂರುತ್ತಾರೆ. ದಪ್ಪ ಬಟ್ಟೆಯ ಕೆಳಗೆ ಪದಕ ಕೈಯಿಂದ ಕೈಗೆ ಸಾಗುತ್ತದೆ. ಕಣ್ಣಿಂದ ನೋಡುವಂತಿಲ್ಲ. ಬೆರಳಲ್ಲಿ ತಡವಿ, ಅದು ಯಾರನ್ನು ಅಣಕಿಸುತ್ತಿದೆಯೋ ಅವರ ದನಿಯಲ್ಲೇ ಒಂದು ಮಾತು ಆಡಬೇಕು. ಎಲ್ಲರದೂ ಮುಗಿದ ಮೇಲೆ ಬಟ್ಟೆ ಎತ್ತುವುದು.

ಆ ಭಾನುವಾರ ಪೆಟ್ಟಿಗೆಯನ್ನು ಕಪಾಟಿನಿಂದ ಮೇಜಿಗೆ ತಂದವಳು ಅಕ್ಕನ ಮಗಳು. ಬೀಗರು ಪದಕವನ್ನು ಬಟ್ಟೆಯ ಕೆಳಗೆ ಸರಿಸಿದರು. ಮೊದಲು ಮುಟ್ಟಿದ್ದು ಮೇಡಂ. “ತಾಳ್ಮೆಯಿಂದಿರಿ, ನಿಮ್ಮ ರೊಟ್ಟಿಯ ಕಡತ ನನ್ನ ಮೇಜಿನ ಮೇಲೇ ಇದೆ,” ಅಂದರು. ಮಂತ್ರಿಯ ಮಾತು. ಆಮೇಲೆ ಹಲ್ಲಿನ ಡಾಕ್ಟರು. “ಪ್ರಜೆಗಳೇ, ಉಪವಾಸವೇ ನಿಮ್ಮ ರಾಜಭಕ್ತಿ!” ಅದು ದೊರೆಯ ಮಾತು. ಮೂರನೆಯವರು ಬೀಗಿತಿ, ಹುಡುಗಿಯ ಅತ್ತೆ. ಎಂದಿನಂತೆ, “ನಂಗೇನು ಗೊತ್ತಾಗತ್ತೆ, ಕಬ್ಬಿಣ ತಣ್ಣಗಿದೆ,” ಅಂದರು. ಎಲ್ಲರೂ ನಕ್ಕರು. ಬಟ್ಟೆ ಎತ್ತಿದರೆ ಕಿರೀಟದ ತೋಳ.

ಮಾತಿನ ಅರ್ಥ ತಿಳಿದ ಮೇಲೆ ಚಿಕ್ಕಮ್ಮನಿಗೆ ಲೆಕ್ಕ ಸುಲಭವಾಗಿತ್ತು. ಮೇಡಂ ಕೈಗೆ ಮಂತ್ರಿ ಸಿಕ್ಕಿದ್ದಾನೆ, ಡಾಕ್ಟರ ಕೈಗೆ ದೊರೆ. ಅಂದರೆ ಪೆಟ್ಟಿಗೆಯಿಂದ ಬಂದದ್ದು ಅಸಲಿಯೇ, ಬದಲಾದದ್ದು ಬಟ್ಟೆಯ ಕೆಳಗೆ. ಪೆಟ್ಟಿಗೆ ತಂದವಳ ತಪ್ಪೇನಿಲ್ಲ. ನಿನ್ನೆಯವರೆಗೂ ಈ ಲೆಕ್ಕ ಅವಳಿಗೆ ನಿದ್ದೆ ಕೊಟ್ಟಿತ್ತು.

ಈಗ ಶಾಲು ಮೇಜಿನ ಮೇಲಿತ್ತು. ಮೇಡಂ ಕೈ ಒರೆಸಿಕೊಂಡು ಒಳಗೆ ತೂರಿಸಿದರು. ಕಣ್ಣು ಮುಚ್ಚಿದರು. ಮುಖದಲ್ಲಿ ಏನೋ ಬೆಳಕು ಬಂತು, ಹತ್ತು ವರ್ಷ ಚಿಕ್ಕವರಾದ ಹಾಗೆ.

“ಹ್ಞಾಂ. ಕಿರೀಟದ್ದೇ ತಂದಿದ್ದೀರಿ. ಮೊನೆ ಒರಟಾಗಿದೆ. ಯುದ್ಧದ ಕೊನೆಕೊನೆಗೆ ಹೊಯ್ದದ್ದು ಇದು. ಒಳ್ಳೆ ಕಬ್ಬಿಣ ಎಲ್ಲ ಫಿರಂಗಿಗೆ ಹೋಗಿತ್ತಲ್ಲ.”

“ಕುರಿಗಳು?”

“ಒಂದೊಂದಕ್ಕೂ ಒಂದು ಅರ್ಥ ಇದೆ. ಈ ತಲೆ ತಗ್ಗಿಸಿದ್ದು ರೈತ. ಕೊರಳಲ್ಲಿ ಗಂಟೆ ಇರೋದು ಪತ್ರಿಕೆಯವರು, ಸದ್ದು ಮಾಡ್ತಾರೆ, ಜಾಗ ಬಿಟ್ಟು ಏಳಲ್ಲ. ಈ ಕಡೇದು ನೋಡಿ, ತೋಳದ ಕಡೆ ತಿರುಗಿ ನಗ್ತಾ ಇದೆ. ಅದು ವ್ಯಾಪಾರಿ. ಅದರ ತಟ್ಟೆ ಮಾತ್ರ ಖಾಲಿ ಇಲ್ಲ, ಒಂದು ಚೂರು ರೊಟ್ಟಿ ಇದೆ. ಮುಟ್ಟಿದ್ರೆ ಅಕ್ಕಿಕಾಳಿನಷ್ಟು ಸಿಗತ್ತೆ.” ಮೇಡಂ ಮೆಲ್ಲಗೆ ನಕ್ಕರು. “ಎರಕದವನ ಸಿಟ್ಟೆಲ್ಲ ಆ ಚೂರಲ್ಲಿದೆ. ತೋಳದ ಮೇಲೂ ಅವನಿಗೆ ಅಷ್ಟು ಸಿಟ್ಟಿಲ್ಲ.”

ಎಷ್ಟು ಚೆನ್ನಾಗಿ ಹೇಳುತ್ತಾರೆ, ಅನ್ನಿಸಿತು ಚಿಕ್ಕಮ್ಮನಿಗೆ. ಇವರ ಕ್ಲಾಸಿನಲ್ಲಿ ಕೂರಬೇಕಿತ್ತು ನಾನು. ಶಾಲು ಎತ್ತದೆ ಹಾಗೇ ಮಡಿಚಿ ಚೀಲಕ್ಕೆ ಹಾಕಿಕೊಂಡು ಹೋಗಲೇ?

ಎತ್ತಿದಳು.

ಮೇಡಂ ಕೈಯಲ್ಲಿದ್ದದ್ದು ಬೂಟ್ ಪಾಲಿಶ್ ಡಬ್ಬಿಯ ಮುಚ್ಚಳ.

ಮೇಲಿನ ಮನೆಯ ಹೊಲಿಗೆ ಯಂತ್ರ ಗರಗರ ಓಡಿತು. ನಿಂತಿತು. ಮೇಡಂ ಆ ಮುಚ್ಚಳವನ್ನು ತಿರುಗಿಸಿ ನೋಡಿದರು. ಬೆರಳಿಗೆ ಕಪ್ಪು ಮೆತ್ತಿಕೊಂಡಿತ್ತು.

“ನನ್ನದೇ ಡಬ್ಬಿ,” ಅಂದರು. “ಒಳ್ಳೆ ಪತ್ತೇದಾರಿಕೆ ನಿಮ್ಮದು. ಕಟುಕರ ಅಂಗಡೀಲಿ ಕೆಲಸಕ್ಕೆ ಸೇರಬಹುದಿತ್ತು.”

“ಬೈಯಿರಿ. ಎಷ್ಟು ದಿನದಿಂದ ಹೀಗೆ?”

“ಎರಡು ವರ್ಷ ಆಗ್ತಾ ಬಂತು. ಸಕ್ಕರೆ ಕಾಯಿಲೆ. ಮೊದಲು ಕಾಲು, ಆಮೇಲೆ ಕೈ. ಬಿಸಿ ಗೊತ್ತಾಗಲ್ಲ, ಚುಚ್ಚಿದ್ದು ಗೊತ್ತಾಗಲ್ಲ.”

“ಗುಂಪಿನವರಿಗೆ ಹೇಳಬಹುದಿತ್ತಲ್ಲ?”

“ಹೇಳಿ?” ಮೇಡಂ ದನಿ ಏರಿತು. “ಮೂವತ್ತು ವರ್ಷ ಇತಿಹಾಸ ಪಾಠ ಮಾಡಿದೆ. ಕಾಲೇಜಿನ ಮೀಟಿಂಗಿನಲ್ಲಿ ಗಂಡಸರೆಲ್ಲ ನನ್ನನ್ನ ಕೇಳ್ತಿದ್ದದ್ದು ಒಂದೇ, ಮೇಡಂ, ಚಹಾ ಎಷ್ಟು ಜನಕ್ಕೆ ಹೇಳೋಣ ಅಂತ. ಆ ಭಾನುವಾರದ ಮೇಜಿನಲ್ಲಿ ಮೊದಲು ಮಾತಾಡೋಳು ನಾನು. ನಾನು ಬಾಯಿ ಬಿಡೋವರೆಗೂ ಗಂಡಸರು ಕಾಯ್ತಾರೆ. ಕೈ ಸತ್ತಿದೆ ಅಂದ್ರೆ ಏನ್ಮಾಡ್ತಾರೆ? ಮೆತ್ತನೆ ಕುರ್ಚಿ ಕೊಟ್ಟು ಪಕ್ಕಕ್ಕೆ ಕೂರಿಸ್ತಾರೆ.”

ಮೆತ್ತನೆ ಕುರ್ಚಿಯ ಪರಿಚಯ ಚಿಕ್ಕಮ್ಮನಿಗೂ ಇತ್ತು. ಅಷ್ಟರಲ್ಲಿ ಇನ್ನೊಂದು ಯೋಚನೆ ಎದೆಗೆ ಗುದ್ದಿತು.

“ಹಾಗಾದ್ರೆ ಆವತ್ತು ಮಂತ್ರಿಯ ಮಾತು ಹೇಗೆ ಆಡಿದ್ರಿ?”

ಮೇಡಂ ಸೀರೆಯ ಮೇಲೆ ಬಿಸ್ಕತ್ತಿನ ಪುಡಿ ಕೊಡವಿಕೊಂಡರು. ಪುಡಿಯೇ ಇರಲಿಲ್ಲ.

“ಮೇಡಂ.”

“ನಿಮ್ಮ ಅಕ್ಕನ ಮಗಳು ಹೇಳಿಕೊಡ್ತಾಳೆ. ಒಂದ್ಸಲ ನನ್ನ ಬೆರಳು ಕುಯ್ದು ಮೇಜಿನ ಬಟ್ಟೆಯೆಲ್ಲ ರಕ್ತ ಆಗಿತ್ತು, ನನಗೆ ಗೊತ್ತೇ ಆಗಿರಲಿಲ್ಲ. ಅವಳು ನೋಡಿದ್ಲು. ಒಬ್ಬರಿಗೂ ಹೇಳಲಿಲ್ಲ. ಅವತ್ತಿಂದ ಕೈ ತೊಳೆಯೋಕೆ ಹೋದಾಗ ಬಾಗಿಲ ಸಂದಿಯಿಂದ ಟವೆಲ್ ಕೊಡ್ತಾ, ಇವತ್ತು ಪೆಟ್ಟಿಗೇಲಿ ಏನಿದೆ ಅಂತ ಪಿಸುಗುಡ್ತಾಳೆ.”

ಚಿಕ್ಕಮ್ಮ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದಳು. ಕಿಟಕಿ, ಬಾಗಿಲು, ಮತ್ತೆ ಕಿಟಕಿ. ಈ ವಾರವೆಲ್ಲ ಆ ಹುಡುಗಿ ಅವಳ ಮಡಿಲಲ್ಲಿ ತಲೆಯಿಟ್ಟು ಅತ್ತಿದ್ದಳು. ‘ನೀನಿದ್ದೀಯಲ್ಲ ಚಿಕ್ಕಮ್ಮ’ ಅಂದಿದ್ದಳು. ಇದನ್ನು ಮಾತ್ರ ಹೇಳಿರಲಿಲ್ಲ. ಮೇಡಂ ಮಾನ ಉಳಿಸಲು ಬಾಯಿ ಮುಚ್ಚಿಕೊಂಡಳೋ? ಅಥವಾ ಪೆಟ್ಟಿಗೆಯಲ್ಲಿ ಕಿರೀಟ ಇಟ್ಟು, ಬಾಯಲ್ಲಿ ಟೋಪಿ ಎಂದಳೋ?

ಹೆತ್ತಿಲ್ಲವೆನ್ನುವುದಷ್ಟೇ ಬಿಟ್ಟರೆ ತಾನೇ ಸಾಕಿದ ಹುಡುಗಿ. ಅವಳ ಮೇಲೂ ಅನುಮಾನ ಪಡುವ ಈ ತಲೆಯನ್ನು ಯಾರ ಮನೆ ಗೋಡೆಗೆ ಚಚ್ಚಿಕೊಳ್ಳಲಿ?

“ಆವತ್ತು ಏನಂತ ಪಿಸುಗುಟ್ಟಿದ್ಲು? ಅವಳ ಮಾತಲ್ಲೇ ಹೇಳಿ.”

“‘ಮಂತ್ರಿ’ ಅಂದ್ಲು.”

“ಬೇರೆ?”

“ಅಷ್ಟೇ.”

“ಬೇರೆ ದಿನ ಹೇಗೆ ಹೇಳ್ತಿದ್ಲು?”

“ಕಂಡದ್ದನ್ನ ಹೇಳ್ತಾಳೆ. ‘ಮೇಡಂ, ಡೊಳ್ಳುಹೊಟ್ಟೆಯವನು ಹಂದಿ ಮೇಲೆ ಕೂತಿದ್ದಾನೆ, ಕೈಯಲ್ಲಿ ಛತ್ರಿ’ ಅಂತ. ಅವನು ಯಾರು, ಛತ್ರಿ ಯಾಕೆ ಅನ್ನೋದು ನನಗೆ ಬಿಟ್ಟದ್ದು. ಅವಳಿಗೆ ಈ ರಾಜಕೀಯ ಎಲ್ಲ ತಲೆಗೇ ಹತ್ತಲ್ಲ. ತೋಳ ಕಂಡ್ರೆ ನಾಯಿ ಅಂತಾಳೆ...”

ಮೇಡಂ ಮಾತು ಅಲ್ಲೇ ನಿಂತಿತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು.

“‘ನಾಯಿ, ಚಪ್ಪಟೆ ಟೋಪಿ’ ಅನ್ನಬೇಕಿತ್ತು ಅವಳು,” ಅಂದಳು ಚಿಕ್ಕಮ್ಮ. “ಆ ಟೋಪಿ ಮಂತ್ರಿಯದು ಅಂತ ತಿಳಿದವರು ಬೇರೆ ಯಾರೋ. ಟವೆಲ್ ಕೊಟ್ಟ ಕೈ ನೋಡಿದ್ರಾ?”

“ಕನ್ನಡಕ ತೆಗೆದಿಟ್ಟಿದ್ದೆ.”

“ದನಿ?”

“ಪಿಸುಮಾತಿಗೆ ದನಿ ಎಲ್ಲಿಂದ ಬರಬೇಕು? ಗಂಡಸೋ ಹೆಂಗಸೋ ಅಂತ ಕೂಡ ಈಗ ಆಣೆ ಮಾಡಿ ಹೇಳಲಾರೆ. ಪ್ರತಿ ಸಲ ಅವಳೇ ಅಲ್ವಾ, ಅವಳೇ ಅಂದ್ಕೊಂಡೆ.”

ಚಿಕ್ಕಮ್ಮ ಕೂತಳು. ಮಂಡಿ ಮಾತ್ರ ಮೇಜಿನ ಕೆಳಗೆ ಕುಣಿಯುತ್ತಲೇ ಇತ್ತು. ಪದಕ ಮೊದಲೇ ಬದಲಾಗಿತ್ತು. ಬಟ್ಟೆಯ ಕೆಳಗೆ ಬಂದದ್ದೇ ಕಿರೀಟದ ತೋಳ. ಮೇಡಂ ಬಾಯಲ್ಲಿ ಮಂತ್ರಿಯ ಮಾತು ಬರಲಿ, ಅಸಲಿ ಮೇಜಿಗೆ ಬಂದಿತ್ತು ಅಂತ ಎಲ್ಲರೂ ನಂಬಲಿ ಅಂತಲೇ ಯಾರೋ ಆ ಬಾಗಿಲ ಹಿಂದೆ ನಿಂತಿದ್ದರು. ಮೇಡಂ ಬೆರಳಿನ ಗುಟ್ಟೂ ಅವರಿಗೆ ಗೊತ್ತು, ಟವೆಲಿನ ಗುಟ್ಟೂ ಗೊತ್ತು. ಅಂದರೆ ಆ ಮನೆಯೊಳಗೇ ಓಡಾಡುವವರು.

“ನನಗೆ ಒಂದು ಅನ್ನಿಸ್ತಾ ಇದೆ,” ಅಂದರು ಮೇಡಂ, ನಿಧಾನವಾಗಿ. “ಇದನ್ನೆಲ್ಲ ಹೇಳೋದೇ ಬೇಡ. ನಾನು ಟೋಪಿ ಮುಟ್ಟಿದೆ ಅಂತ ಬರೆದು ಸಹಿ ಹಾಕ್ತೀನಿ. ನಿಮ್ಮ ಹುಡುಗಿ ಉಳೀತಾಳೆ. ನನ್ನ ಕುರ್ಚಿ ಉಳಿಯತ್ತೆ.”

“ಆಮೇಲೆ ಇನ್‌ಸ್ಪೆಕ್ಟರ್ ಏನು ಕೇಳ್ತಾನೆ ಗೊತ್ತಾ? ನಿಮ್ಮ ಕೈಯಿಂದ ಯಾರ ಕೈಗೆ ಹೋಯ್ತು ಅಂತ.”

“ಹಲ್ಲಿನ ಡಾಕ್ಟರು.”

“ಅವರ ಕ್ಲಿನಿಕ್ಕಿನಲ್ಲಿ ಹಲ್ಲಿನ ಅಚ್ಚು ತೆಗೆಯೋ ಪುಡಿ ಡಬ್ಬಿಗಟ್ಟಲೆ ಇದೆ, ಪದಕದ ಅಚ್ಚನ್ನೂ ತೆಗೀಬಹುದು. ಹೇಳಿ ಮಾಡಿಸಿದ ಕಳ್ಳ.”

“ಅವನೊಬ್ಬ ಪೆದ್ದ,” ಅಂದರು ಮೇಡಂ. “ತಾನು ಮುಟ್ಟಿದ್ದನ್ನ ಹಾಗೇ ಹೇಳಿದ. ಇಡೀ ಮೇಜಿನಲ್ಲಿ ನಿಜವಾಗಿ ಓದಿದವನು ಅವನೊಬ್ಬನೇ.”

ಚಿಕ್ಕಮ್ಮ ಒಳಗೊಳಗೇ ತೂಗಿ ನೋಡಿದಳು. ಡಾಕ್ಟರಿಗೆ ವಕೀಲರು ಸಿಗುತ್ತಾರೆ. ದುಡ್ಡಿದೆ, ಹೆಸರಿದೆ, ಒಂದಷ್ಟು ದಿನ ಓಡಾಡಿ ಹೊರಗೆ ಬರುತ್ತಾರೆ. ಹುಡುಗಿಗೆ ಯಾರಿದ್ದಾರೆ? ಹೀಗೆ ಲೆಕ್ಕ ಹಾಕುತ್ತಿರುವಾಗಲೇ ತನ್ನ ಲೆಕ್ಕ ತನಗೇ ಹೇಸಿಗೆ ಅನ್ನಿಸಿತು. ತಟ್ಟೆಯಲ್ಲಿ ಒಂದು ಚೂರು ಬಿದ್ದರೆ ಸಾಕು, ತೋಳದ ಕಡೆ ತಿರುಗಿ ನಗಲು ತಾನೂ ತಯಾರು.

ಬಾಗಿಲ ಗಂಟೆ ಹೊಡೆಯಿತು.

ಇನ್‌ಸ್ಪೆಕ್ಟರ್ ಏದುಸಿರು ಬಿಡುತ್ತ ಒಳಗೆ ಬಂದ. “ಲಿಫ್ಟ್ ಕೆಟ್ಟಿದೆ, ನಾನೂ ಕೆಟ್ಟೆ. ಚಿಕ್ಕಮ್ಮ, ನೀವು ಹೇಗೆ ಹತ್ತಿದ್ರಿ ಮಾರಾಯ್ರೇ?”

“ಹೊಟ್ಟೆ ಮುಂದೆ ಬಿಟ್ಟುಕೊಂಡು ಹತ್ತಲಿಲ್ಲ.”

“ಸರಿ, ಬೈಸ್ಕೊಳ್ಳೋಕೇ ಬಂದದ್ದು ನಾನು.” ಅವನು ಕೂತು, ಬಿಸ್ಕತ್ತೊಂದನ್ನು ಕೇಳದೆಯೇ ಬಾಯಿಗೆ ಹಾಕಿಕೊಂಡು, ಕಾಗದ ಪೆನ್ನು ತೆಗೆದ. “ಹೇಳಿ ಮೇಡಂ. ಆ ಭಾನುವಾರ ನಿಮ್ಮ ಕೈಗೆ ಸಿಕ್ಕಿದ್ದು ಟೋಪಿಯೋ, ಕಿರೀಟವೋ?”

ಮೇಡಂ ಚಿಕ್ಕಮ್ಮನನ್ನು ನೋಡಿದರು. ಚಿಕ್ಕಮ್ಮ ಮೇಜನ್ನು ನೋಡಿದಳು. ಒಂದು ‘ಬೇಡ’ ಅವಳ ಗಂಟಲವರೆಗೂ ಬಂತು. ಹೊರಗೆ ಬರಲಿಲ್ಲ.

ಆಗ ಮೇಡಂ ಎರಡೂ ಕೈಗಳನ್ನು ಅಂಗಾತ ಮಾಡಿ ಮೇಜಿನ ಮೇಲಿಟ್ಟರು. ಬೂಟ್ ಪಾಲಿಶ್ ಕಪ್ಪು, ಸುಟ್ಟ ಗುಳ್ಳೆಗಳು, ಎಲ್ಲ ಕಾಣುವ ಹಾಗೆ.

“ಟೋಪಿಯೂ ಇಲ್ಲ, ಕಿರೀಟವೂ ಇಲ್ಲ. ನನ್ನ ಕೈಗೆ ಏನೂ ಗೊತ್ತಾಗಲ್ಲ ಇನ್‌ಸ್ಪೆಕ್ಟರೇ. ಬರ್ಕೊಳ್ಳಿ. ಎರಡು ವರ್ಷದಿಂದ ನಾನು ಯಾರೋ ಹೇಳಿಕೊಟ್ಟದ್ದನ್ನ ಹೇಳ್ತಿದ್ದೀನಿ. ಆ ದಿನ ಹೇಳಿಕೊಟ್ಟವರು ಆ ಪದಕದ ಒಳಗುಟ್ಟು ಬಲ್ಲವರು. ಇವರ ಅಕ್ಕನ ಮಗಳಿಗೆ ಅದು ಗೊತ್ತಿಲ್ಲ.”

ಹೇಳಿ ಮುಗಿಸಿದಾಗಲೂ ಅವರ ಬೆನ್ನು ನೆಟ್ಟಗಿತ್ತು. ಚಿಕ್ಕಮ್ಮ ಕೈ ಚಾಚಿ ಆ ಕಪ್ಪು ಬೆರಳುಗಳನ್ನು ಹಿಡಿದುಕೊಂಡಳು. ಹಿಡಿದದ್ದು ಅವರಿಗೆ ತಿಳಿಯದೆಂದು ಗೊತ್ತಿದ್ದೂ ಗಟ್ಟಿಯಾಗಿ ಹಿಡಿದಳು.

ಇನ್‌ಸ್ಪೆಕ್ಟರ್ ಒಂದು ಸಾಲು ಬರೆಯುವಷ್ಟರಲ್ಲಿ ಅವನ ಫೋನು ಬಡಿದುಕೊಂಡಿತು.

“ಹ್ಞೂಂ... ಈಗಲಾ?... ಯಾರೂ ಕೇಳದೆ?... ಎಲ್ಲಿ ಸಿಕ್ತು?... ಸರಿ, ಅಲ್ಲೇ ಇರಿ.”

ಫೋನನ್ನು ಕಿಸೆಗೆ ಸೇರಿಸಿ, ಪೆನ್ನಿನ ಕ್ಯಾಪು ಹಾಕಿದ. ಹಾಗೆ ಅವನು ಕಣ್ಣು ತಪ್ಪಿಸಿದ್ದನ್ನು ಚಿಕ್ಕಮ್ಮ ಎಂದೂ ನೋಡಿರಲಿಲ್ಲ.

“ಚಿಕ್ಕಮ್ಮ, ನಿಮ್ಮ ಅಕ್ಕನ ಮಗಳು ಒಪ್ಕೊಂಡುಬಿಟ್ಟಿದ್ದಾಳೆ. ತಾನೇ ಬದಲಾಯಿಸಿದೆ ಅಂತ. ಪದಕವನ್ನ ತನ್ನ ಬೀರುವಿಂದ ತೆಗೆದು ತಾನೇ ನಮ್ಮವರ ಕೈಗೆ ಕೊಟ್ಟಳಂತೆ.”



“ಆ ಬೀರು ನಾನೇ ಮೊನ್ನೆ ಪೂರ್ತಿ ಜಾಲಾಡಿದ್ದೀನಿ,” ಅಂದಳು ಚಿಕ್ಕಮ್ಮ. “ಅಲ್ಲಿ ಏನೂ ಇರಲಿಲ್ಲ.”

“ನಿಮಗೆ ಒಂದು ಮಾತು ಮುಟ್ಟಿಸಿ ಅಂದಳಂತೆ. ಇನ್ನು ಯಾರನ್ನೂ ಏನೂ ಕೇಳಬೇಡಿ, ಕೈ ಮುಗೀತೀನಿ ಅಂತ.”

“ಅದನ್ನ ಹೇಳುವಾಗ ಅವಳ ಪಕ್ಕದಲ್ಲಿ ಯಾರಿದ್ರು?”

“ಅವಳ ಅತ್ತೆ.” ಇನ್‌ಸ್ಪೆಕ್ಟರ್ ಎದ್ದು ಟೋಪಿ ಹಾಕಿಕೊಂಡ. “ಪಾಪ, ಶುರುವಿಂದ ಕೊನೇವರೆಗೂ ಸೊಸೆಯ ಕೈ ಬಿಡಲೇ ಇಲ್ಲವಂತೆ.”